ಹಳೇ ಕಟ್ಟಡಕ್ಕೆ ಸುತ್ತಿಗೆ ತಾಗಿಸೋ ಮುಂಚೆ: ಅದರ ಬೆಲೆ ಎಲ್ಲಿದೆ ಅಂತ ಕಂಡ್ಕೊಳ್ಳೋದು ಹೇಗೆ

ಹಳೇ ಕಟ್ಟಡ ರಿಪೇರಿ ಮಾಡಿಸ್ತೀವಿ, ಸ್ವಲ್ಪ ಬದಲಾಯಿಸ್ತೀವಿ ಅಂತ ಹೊರಡೋರು ಸಾಮಾನ್ಯವಾಗಿ ಮೊದಲು ಮಾಡೋದು ಪ್ಲಾನ್ ಹಾಕ್ಸೋದು. ಯಾವ ಗೋಡೆ ತೆಗೀಬೇಕು, ಲಿಫ್ಟ್ ಎಲ್ಲಿ ಬರತ್ತೆ, ಮೇಲೊಂದು ಫ್ಲೋರ್ ಕೂರತ್ತಾ, ಎಲ್ಲಾ ಡ್ರಾಯಿಂಗ್ ಆಗಿ ಎಸ್ಟಿಮೇಟೂ ಆದ್ಮೇಲೆ, ಅನುಮತಿಗೆ ಅರ್ಜಿ ಹಾಕೋ ವಾರ ಯಾರೋ "ಹೆರಿಟೇಜ್ ರಿಪೋರ್ಟ್ ಒಂದು ಬೇಕಂತೆ" ಅಂತಾರೆ. ಆಗ ರಿಪೋರ್ಟ್ ಬರೆಯೋಕೆ ಬಂದೋನ ಕೆಲಸ ಮೌಲ್ಯಮಾಪನ ಆಗಿರಲ್ಲ, ವಕಾಲತ್ತು ಆಗಿರತ್ತೆ, ಒಡೆಯೋಕೆ ಆಗ್ಲೇ ಗುರುತು ಹಾಕಿರೋ ಗೋಡೆಗೆ ಅಂಥಾ ಬೆಲೆಯೇನೂ ಇಲ್ಲ ಅಂತ ವಾದ ಮಾಡೋದು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿ ಆಮೇಲೆ ಕೂಸಿನ ತಲೆನೇ ಅದಕ್ಕೆ ಹೊಂದಿಸೋ ಥರ.

ಇದನ್ನ ತಿರುಗಿಸ್ಬೇಕು. ಮೊದಲು ಕಟ್ಟಡದ ಬೆಲೆ (ದುಡ್ಡಿನ ಬೆಲೆ ಅಲ್ಲ, ಉಳಿಸ್ಕೊಳ್ಳೋ ಯೋಗ್ಯತೆ) ಏನು, ಅದು ಕಟ್ಟಡದ ಯಾವ ಭಾಗದಲ್ಲಿ ಕೂತಿದೆ ಅಂತ ಬರೆದಿಟ್ಕೊಳ್ಳಿ, ಪ್ಲಾನ್ ಆಮೇಲೆ. ಇದು ಬರೀ ಆದರ್ಶದ ಮಾತಲ್ಲ, ಇದರಿಂದ ಮಾಲೀಕರಿಗೇ ಲಾಭ, ಯಾಕಂದ್ರೆ ಸರಿಯಾಗಿ ಮಾಡಿದ ಮೌಲ್ಯಮಾಪನ "ಇಲ್ಲಿ ಮುಟ್ಟಬೇಡಿ" ಅಂತ ಹೇಳೋದರ ಜೊತೆಗೆ "ಇಲ್ಲಿ ಧಾರಾಳವಾಗಿ ಬದಲಾಯಿಸ್ಕೊಳ್ಳಿ" ಅಂತಾನೂ ಹೇಳತ್ತೆ, ಈ ಎರಡನೇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಬೆಲೆ ಅಂದ್ರೆ ಯಾವ ಬೆಲೆ

ಹಳೇದು, ಚೆನ್ನಾಗಿದೆ, ಇಷ್ಟೇ ಅಂದ್ರೆ ಸಾಲಲ್ಲ. ವಿಯೆನ್ನಾದ ಅಲೋಯಿಸ್ ರೀಗಲ್ ಅನ್ನೋ ಕಲಾ ಇತಿಹಾಸಕಾರ 1903ರಲ್ಲೇ ಇದನ್ನ ಬಿಡಿಸಿ ಇಟ್ಟಿದ್ದ. ವಯಸ್ಸಿನ ಬೆಲೆ ಬೇರೆ, ಚರಿತ್ರೆಯ ಬೆಲೆ ಬೇರೆ, ಬಳಕೆಯ ಬೆಲೆ ಬೇರೆ, ಮತ್ತೆ ಜನಕ್ಕೆ ಹೊಸದಾಗಿ ಕಾಣೋದ್ರ ಮೇಲೆ ಇರೋ ಮೋಹವೂ ಒಂದು ಬೆಲೆನೇ, ಇವು ಒಂದಕ್ಕೊಂದು ಜಗಳ ಆಡ್ತವೆ ಅಂತ. ಪಾಚಿ ಹಿಡಿದ, ಸವೆದ ಗೋಡೆ ನೋಡಿ ಒಬ್ಬನಿಗೆ ಕಣ್ಣು ತುಂಬತ್ತೆ, ಇನ್ನೊಬ್ಬನಿಗೆ ಪೇಂಟ್ ಹೊಡೆಸ್ಬೇಕು ಅನ್ಸತ್ತೆ. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿನೇ.

ಇವತ್ತು ಕೆಲಸಕ್ಕೆ ಬಳಸೋ ಪಟ್ಟಿಗಳಲ್ಲಿ ಎರಡು ಚಾಲ್ತಿಯಲ್ಲಿವೆ. ಆಸ್ಟ್ರೇಲಿಯಾದ ಬರ್ರಾ ಚಾರ್ಟರ್, ಅಂದ್ರೆ ಹಳೇ ಜಾಗಗಳನ್ನ ಕಾಪಾಡೋಕೆ ಅಲ್ಲಿನ ತಜ್ಞರು ಬರೆದ ಮಾರ್ಗಸೂಚಿ, 1979ರಲ್ಲಿ ಬಂದಿದ್ದು, ಈಗಿನ ರೂಪ 2013ರದ್ದು, ಅದು ಐದು ಮೌಲ್ಯ ಹೇಳತ್ತೆ: ಸೌಂದರ್ಯ, ಚರಿತ್ರೆ, ವಿಜ್ಞಾನ, ಸಮಾಜ, ಅಧ್ಯಾತ್ಮ. ಇಂಗ್ಲೆಂಡಿನಲ್ಲಿ 2008ರಲ್ಲಿ ಬಂದ ಪಟ್ಟಿ ನಾಲ್ಕು ಹೇಳತ್ತೆ: ಪುರಾವೆ, ಚರಿತ್ರೆ, ಸೌಂದರ್ಯ, ಸಮುದಾಯ. ಯಾವುದನ್ನ ತಗೊಂಡ್ರೂ ನಡೆಯತ್ತೆ, ನಿಮ್ಮ ಕಡೆ ಅನುಮತಿ ಕೊಡೋ ಇಲಾಖೆ ತನ್ನದೇ ಮಾನದಂಡ ಇಟ್ಕೊಂಡಿದ್ರೆ ಅದನ್ನೇ ತಗೊಳ್ಳಿ. ನನಗೆ ಇದರಲ್ಲಿ ಜಾಸ್ತಿ ಉಪಯೋಗಕ್ಕೆ ಬಂದಿರೋದು "ಪುರಾವೆ" ಅನ್ನೋದು. ನೋಡೋಕೆ ಏನೂ ಚೆನ್ನಾಗಿಲ್ಲದ, ಯಾವ ದೊಡ್ಡ ಮನುಷ್ಯನೂ ವಾಸ ಮಾಡಿರದ ಒಂದು ಶೆಡ್ಡು, ಆದ್ರೆ ಅದರ ಚಾವಣಿಯ ಮರಗೆಲಸ ಆ ಕಾಲದವರು ಹೇಗೆ ಕಟ್ಟುತ್ತಿದ್ರು ಅನ್ನೋದಕ್ಕೆ ಸಾಕ್ಷಿ. ಸಾಕ್ಷಿಗೆ ಅಂದ ಚಂದ ಬೇಕಿಲ್ಲ, ಇರ್ಬೇಕು ಅಷ್ಟೇ.

ಬೆಲೆ ಯಾವಾಗ್ಲೂ ಕಲ್ಲು ಮರದಲ್ಲೇ ಇರತ್ತೆ ಅಂತಾನೂ ಅಂದ್ಕೋಬೇಡಿ. ಜಪಾನಿನ ಇಸೆ ದೇಗುಲವನ್ನ 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ತಾರೆ, ಕೊನೇ ಸಲ ಮುಗಿದಿದ್ದು 2013ರಲ್ಲಿ, ಅಲ್ಲಿ ಉಳ್ಕೊಂಡು ಬಂದಿರೋದು ಮರ ಅಲ್ಲ, ಬಡಗಿ ಕೈಯ ವಿದ್ಯೆ. 1994ರಲ್ಲಿ ಜಪಾನಿನ ನಾರಾದಲ್ಲಿ ಸಂರಕ್ಷಣಾ ತಜ್ಞರು ಸೇರಿ ಬರೆದ ನಾರಾ ದಾಖಲೆ ಇದನ್ನೇ ಒಪ್ಪಿಕೊಂಡಿದ್ದು, ಅಸಲಿತನ ಅನ್ನೋದನ್ನ ಆಯಾ ಸಂಸ್ಕೃತಿಯ ಒಳಗಿಂದಲೇ ನೋಡ್ಬೇಕು ಅಂತ.

ಮೊದಲು ಕಾಗದ, ಆಮೇಲೆ ಕಾಲು

ಜಾಗಕ್ಕೆ ಹೋಗೋ ಮುಂಚೆ ಎರಡು ದಿನ ಕಾಗದದ ಜೊತೆ ಕೂತ್ಕೊಳ್ಳಿ. ಕಟ್ಟಡ ಯಾವುದಾದ್ರೂ ಸಂರಕ್ಷಿತ ಪಟ್ಟಿಯಲ್ಲಿದೆಯಾ, ಇದ್ರೆ ಯಾವ ದರ್ಜೆ, ಹೊರಗಿನ ಮುಖ ಮಾತ್ರ ಸಂರಕ್ಷಿತವಾ ಒಳಗೂ ಹೌದಾ, ಅಕ್ಕಪಕ್ಕ ಇನ್ನೊಂದು ಸ್ಮಾರಕ ಇದ್ದು ಅದರ ನಿಯಮ ನಿಮಗೂ ಬೀಳತ್ತಾ, ಇದನ್ನ ಮೊದಲ ದಿನವೇ ತಿಳ್ಕೊಳ್ಳಿ. ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಬೆಲೆ ಇಲ್ಲ ಅಂತ ಅರ್ಥ ಅಲ್ಲ, ಯಾರೂ ಇನ್ನೂ ಹೋಗಿ ನೋಡಿಲ್ಲ ಅಂತಾನೂ ಇರ್ಬೋದು.

ಆಮೇಲೆ ಹಳೇ ಸರ್ವೆ ನಕ್ಷೆಗಳು, ಒಂದಲ್ಲ, ಬೇರೆ ಬೇರೆ ವರ್ಷದ್ದು ಎಷ್ಟು ಸಿಗತ್ತೋ ಅಷ್ಟು, ಒಂದರ ಮೇಲೊಂದು ಇಟ್ಟು ನೋಡಿದ್ರೆ ಹಿಂದಿನ ಕೋಣೆಗಳು ಯಾವಾಗ ಹುಟ್ಟಿದ್ವು ಅಂತ ತಾನಾಗೇ ಗೊತ್ತಾಗತ್ತೆ. ಕ್ರಯಪತ್ರ, ತೆರಿಗೆ ದಾಖಲೆ, ಇನ್ಶೂರೆನ್ಸ್ ಕಾಗದ, ಹಳೇ ರಿಪೇರಿ ಬಿಲ್ಲು, ಮದುವೆ ಫೋಟೋ (ನಗಬೇಡಿ, ವಧೂವರರ ಹಿಂದೆ ಕಾಣೋ ಕಿಟಕಿಯಷ್ಟು ನಂಬಿಕಸ್ಥ ದಾಖಲೆ ಬೇರೆ ಸಿಗೋದು ಕಷ್ಟ). ಒಂದು ಎಚ್ಚರಿಕೆ, ಹಳೇ ಆರ್ಕಿಟೆಕ್ಟ್ ಡ್ರಾಯಿಂಗ್ ಸಿಕ್ಕಿದ್ರೆ ಕುಣಿದಾಡಬೇಡಿ, ಅದು ಕಟ್ಟಬೇಕು ಅಂದ್ಕೊಂಡಿದ್ದು, ಕಟ್ಟಿದ್ದು ಅಲ್ಲ. ದುಡ್ಡು ಮುಗಿದು ಅರ್ಧಕ್ಕೆ ನಿಂತ ಗೋಪುರಗಳು ಡ್ರಾಯಿಂಗಲ್ಲಿ ಮಾತ್ರ ಪೂರ್ತಿ ಇರ್ತವೆ.

ಕಟ್ಟಡವನ್ನ ಓದೋದು

ಇಲ್ಲಿ ಆತುರ ಮಾಡ್ಬೇಡಿ. ಟಾರ್ಚು, ಟೇಪು, ಪುಟ್ಟ ಕನ್ನಡಿ, ಫೋನು, ಪೆನ್ಸಿಲು, ಇಷ್ಟು ಸಾಕು. ಟಾರ್ಚನ್ನ ಗೋಡೆಗೆ ನೇರವಾಗಿ ಬಿಡಬೇಡಿ, ಗೋಡೆಗೆ ಒರಗಿಸಿ ಓರೆಯಾಗಿ ಬಿಡಿ, ಆಗ ಮುಚ್ಚಿಹಾಕಿದ ಬಾಗಿಲಿನ ಅಂಚು, ಗಿಲಾವಿನ ತೇಪೆ, ಹಿಂದೆ ಅಳಿಸಿಹೋದ ಅಲಂಕಾರ ಎಲ್ಲಾ ನೆರಳಾಗಿ ಎದ್ದು ಬರತ್ತೆ. ಮೊದಲು ಹೊರಗೆ ಒಂದು ಸುತ್ತು, ದೂರದಿಂದ, ಆಮೇಲೆ ಹತ್ತಿರದಿಂದ, ಆಮೇಲೆ ಒಳಗೆ ಹೋಗಿ ಚಾವಣಿಯಿಂದ ಕೆಳಕ್ಕೆ ಇಳೀರಿ. ಅಟ್ಟ ಬಿಡ್ಬೇಡಿ. ಜನ ಹಾಲ್, ಮೆಟ್ಟಿಲು, ಮುಂಬಾಗಿಲು ಇವನ್ನೆಲ್ಲ ಕಾಲಕಾಲಕ್ಕೆ ಬದಲಾಯಿಸಿರ್ತಾರೆ, ಅಟ್ಟಕ್ಕೆ ಯಾರೂ ದುಡ್ಡು ಹಾಕಲ್ಲ, ಅದಕ್ಕೇ ನಿಜ ಅಲ್ಲೇ ಉಳ್ಕೊಂಡಿರತ್ತೆ.

ಏನೇನು ನೋಡ್ಬೇಕು ಅಂದ್ರೆ, ಇಟ್ಟಿಗೆ ಗೋಡೆಯಲ್ಲಿ ಮೇಲಿಂದ ಕೆಳಗೆ ನೇರ ಗೆರೆ ಕಂಡ್ರೆ, ಎರಡೂ ಕಡೆಯ ಇಟ್ಟಿಗೆ ಒಂದರೊಳಗೊಂದು ಹೆಣೆದಿಲ್ಲ ಅಂದ್ರೆ, ಅಲ್ಲಿಗೆ ಒಂದು ಕಾಲದ ಕೆಲಸ ಮುಗಿದು ಇನ್ನೊಂದು ಕಾಲದ ಕೆಲಸ ಶುರುವಾಗಿದೆ ಅಂತ. ಮರದ ಮೇಲೆ ಗರಗಸದ ಗೀರು ನೋಡಿ, ಇಬ್ಬರು ಮೇಲೆ ಕೆಳಗೆ ನಿಂತು ಕೈಯಲ್ಲಿ ಕೊಯ್ದಿದ್ರೆ ಗೀರು ನೇರ ಇದ್ರೂ ಅಂತರ ಏರುಪೇರು, ಬಿಲ್ಲಿನ ಹಾಗೆ ಬಾಗಿದ ಗೀರಿದ್ರೆ ಅದು ಚಕ್ರದ ಗರಗಸ, ಅಂದ್ರೆ ಬಹುಪಾಲು 19ನೇ ಶತಮಾನ ಅಥವಾ ಈಚೆಯದು. ಕಮ್ಮಾರ ಬಡಿದು ಮಾಡಿದ ಮೊಳೆಗೆ ನಾಲ್ಕೂ ಕಡೆ ಸಣ್ಣ ಆಗ್ತಾ ಹೋಗೋ ಚೌಕ ಮೈ ಇರತ್ತೆ, ತಲೆ ಮೇಲೆ ಸುತ್ತಿಗೆ ಏಟಿನ ಮುಖಗಳು. 18ನೇ ಶತಮಾನದ ಕೊನೆಗೆ ಕಬ್ಬಿಣದ ಹಾಳೆಯಿಂದ ಮಷೀನಲ್ಲಿ ಕತ್ತರಿಸಿದ ಮೊಳೆ ಬಂತು, ಅದು ಎರಡೇ ಕಡೆ ಸಣ್ಣ ಆಗತ್ತೆ. ದುಂಡಗಿನ ತಂತಿ ಮೊಳೆ ಎಲ್ಲಾ ಕಡೆ ಹರಡಿದ್ದು 19ನೇ ಶತಮಾನದ ಕೊನೆಗೆ.

ಕಿಟಕಿ ಗಾಜಿನ ಎದುರು ತಲೆ ಆಚೀಚೆ ಅಲ್ಲಾಡಿಸಿ ಹೊರಗಿನ ದೃಶ್ಯ ನೋಡಿ, ಅಲೆ ಅಲೆಯಾಗಿ ತೇಲಿದ್ರೆ ಅದು ಹಳೇ ಗಾಜು, ಸ್ವಲ್ಪವೂ ಅಲ್ಲಾಡದಿದ್ರೆ ಫ್ಲೋಟ್ ಗಾಜು (ಕರಗಿದ ತವರದ ಮೇಲೆ ತೇಲಿಸಿ ಮಾಡೋ ಸಮತಟ್ಟು ಗಾಜು) ಇರ್ಬೋದು, ಆ ತಂತ್ರವನ್ನ ಪಿಲ್ಕಿಂಗ್ಟನ್ ಕಂಪನಿ ಜಗತ್ತಿಗೆ ತಿಳಿಸಿದ್ದೇ 1959ರಲ್ಲಿ. ಗಾರೆಯಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟ್ ಸಿಕ್ಕಿದ್ರೆ, ಅದಕ್ಕೆ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ತಗೊಂಡಿದ್ದು 1824ರಲ್ಲಿ, ಅದಕ್ಕಿಂತ ಹಳೇ ಗೋಡೆಯಲ್ಲಿ ಅದಿದ್ರೆ ಆಮೇಲೆ ಯಾರೋ ಮೆತ್ತಿದ್ದು. ಸಿಮೆಂಟ್ ಮೆತ್ತಿರೋ ಜಾಗಗಳನ್ನ ತಪ್ಪದೇ ಗುರುತು ಹಾಕ್ಕೊಳ್ಳಿ, ಸುಣ್ಣದ ಗಾರೆ ಗೋಡೆ ಉಸಿರಾಡಿ ತೇವ ಹೊರಗೆ ಬಿಡತ್ತೆ, ಮೇಲೆ ಸಿಮೆಂಟ್ ಪದರ ಬಿದ್ರೆ ತೇವ ಒಳಗೇ ಸಿಕ್ಕಿಹಾಕ್ಕೊಂಡು ಇಟ್ಟಿಗೆ ಪುಡಿ ಪುಡಿ ಆಗತ್ತೆ, ಮಾಲೀಕರು ಹಳೇ ಗೋಡೆ ಸರಿ ಇಲ್ಲ ಅಂತ ಬೈಯೋದು ಎಷ್ಟೋ ಸಲ ಹೊಸ ಗಿಲಾವಿನ ತಪ್ಪಿಗೆ.

ಆದ್ರೆ ಒಂದೇ ಗುರುತು ಹಿಡ್ಕೊಂಡು ಕಾಲ ನಿರ್ಧಾರ ಮಾಡ್ಬೇಡಿ. ಮೊಳೆಯ ವಯಸ್ಸು ಮೊಳೆಯದ್ದು, ಗೋಡೆಯದ್ದಲ್ಲ. ಹಳೇ ತೊಲೆ ಕಿತ್ತು ಹೊಸ ಕಟ್ಟಡಕ್ಕೆ ಹಾಕೋದು ಎಲ್ಲಾ ಕಾಲದಲ್ಲೂ ಇತ್ತು, ತೊಲೆಯಲ್ಲಿ ಏನೂ ಕೂರದ ಖಾಲಿ ಕಚ್ಚು ತೂತು ಕಂಡ್ರೆ ಅದು ಬೇರೆ ಮನೆಯಿಂದ ಬಂದ ಅತಿಥಿ ಅಂತ ಲೆಕ್ಕ. ನಾನು ಶುರುವಿನಲ್ಲಿ ಇಂಥದೇ ಒಂದು ತೊಲೆ ನಂಬ್ಕೊಂಡು ಇಡೀ ಕಟ್ಟಡಕ್ಕೆ ನೂರು ವರ್ಷ ಜಾಸ್ತಿ ವಯಸ್ಸು ಬರೆದಿದ್ದೆ, ಮೇಸ್ತ್ರಿ ನೋಡಿ ನಕ್ಕ, ಅಷ್ಟರಲ್ಲಿ ರಿಪೋರ್ಟ್ ಹೋಗಿ ಆಗಿತ್ತು. ಖಚಿತ ಬೇಕು ಅಂದ್ರೆ ಮರದ ವರ್ಷಉಂಗುರ ಎಣಿಸೋ ಪರೀಕ್ಷೆ ಇದೆ, ತೊಗಟೆಯ ಕೆಳಗಿನ ಕೊನೇ ಉಂಗುರ ಉಳ್ಕೊಂಡಿದ್ರೆ ಮರ ಕಡಿದ ವರ್ಷವನ್ನೇ ಹೇಳ್ತಾರೆ, ಆದ್ರೆ ಆ ಪ್ರದೇಶಕ್ಕೆ ಆ ಜಾತಿ ಮರಕ್ಕೆ ಉಂಗುರಗಳ ಹೋಲಿಕೆ ಪಟ್ಟಿ ಮೊದಲೇ ತಯಾರಿರ್ಬೇಕು.

ಬಣ್ಣದ ಪದರ ನೋಡೋಕೆ ಗೋಡೆಯ ಮೂಲೆಯಲ್ಲಿ ಚಿಕ್ಕ ಜಾಗ, ಒಂದೊಂದೇ ಪದರ ಮೆಟ್ಟಿಲು ಮೆಟ್ಟಿಲಾಗಿ ಕಾಣೋ ಹಾಗೆ ಕೆರೆಸ್ತಾರೆ. ಇದನ್ನ ನೀವೇ ಮಾಡೋಕೆ ಹೋಗ್ಬೇಡಿ, ಹಳೇ ಬಣ್ಣದಲ್ಲಿ ಸೀಸ ಇರ್ಬೋದು, ಆ ಧೂಳು ವಿಷ. ಹಳೇ ಶೀಟು, ಪೈಪಿಗೆ ಸುತ್ತಿದ ಹೊದಿಕೆ ಇವುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರೋ ಸಾಧ್ಯತೆಯೂ ಇದೆ, ಪರೀಕ್ಷೆ ಆಗೋವರೆಗೆ ಮುರಿಯೋದು ಕೊರೆಯೋದು ಬೇಡ.

ಮಳೆ ಬರೋ ದಿನ ಇನ್ನೊಂದು ಸಲ ಹೋಗಿ. ನೀರು ಎಲ್ಲಿಂದ ಇಳಿಯತ್ತೆ ಅಂತ ಬಿಸಿಲಲ್ಲಿ ಎಷ್ಟು ತಲೆ ಕೆರ್ಕೊಂಡ್ರೂ ಗೊತ್ತಾಗಲ್ಲ.

ಕಾಲದ ನಕ್ಷೆ

ನೋಡಿದ್ದೆಲ್ಲ ಸೇರಿಸಿ ಪ್ರತಿ ಫ್ಲೋರಿನ ಪ್ಲಾನ್ ಮೇಲೆ ಬಣ್ಣ ತುಂಬಿ. ಮೊದಲ ಕಟ್ಟುವಿಕೆಗೆ ಒಂದು ಬಣ್ಣ, ಎರಡನೇ ಹಂತಕ್ಕೆ ಇನ್ನೊಂದು, ಹೀಗೆ. ಗೊತ್ತಿರೋದಕ್ಕೆ ಗಟ್ಟಿ ಬಣ್ಣ, ಊಹೆಗೆ ಗೆರೆ ಗೆರೆ. ಇದು ಮುಗಿಯೋ ಹೊತ್ತಿಗೆ ಕಟ್ಟಡ ಒಂದೇ ಅಲ್ಲ, ಮೂರೋ ನಾಲ್ಕೋ ಕಟ್ಟಡ ಒಂದರೊಳಗೊಂದು ಕೂತಿವೆ ಅಂತ ಕಾಣ್ಸತ್ತೆ.

ಇಲ್ಲೇ ಬರೋದು ಹಳೇ ಜಗಳ: "ಮೂಲದ್ದು ಉಳಿಸೋಣ, ಆಮೇಲೆ ಸೇರಿಸಿದ್ದನ್ನೆಲ್ಲ ಕಿತ್ತು ಹಾಕೋಣ". ಕೇಳೋಕೆ ಚೆನ್ನಾಗಿರತ್ತೆ. 19ನೇ ಶತಮಾನದ ಇಂಗ್ಲೆಂಡಲ್ಲಿ ಚರ್ಚುಗಳನ್ನ ಹೀಗೇ "ಮೂಲಕ್ಕೆ ತರ್ತೀವಿ" ಅಂತ ಕೆರೆದೂ ಕೆರೆದೂ ಶತಮಾನಗಳ ಕೆಲಸವನ್ನ ಅಳಿಸಿಹಾಕಿದ್ರು, ಅದನ್ನ ನೋಡಿ ರೋಸಿ ಹೋಗಿ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲಿ ಹಳೇ ಕಟ್ಟಡ ಕಾಯೋಕೆ ಒಂದು ಸಂಘವನ್ನೇ ಕಟ್ಟಿದ್ರು. ಸ್ಮಾರಕ ಸಂರಕ್ಷಣೆಗೆ ಬೇರೆ ಬೇರೆ ದೇಶದ ತಜ್ಞರು ಸೇರಿ ಬರೆದ 1964ರ ವೆನಿಸ್ ಚಾರ್ಟರೂ ಇದನ್ನೇ ಹೇಳತ್ತೆ, ಎಲ್ಲಾ ಕಾಲದ ಯೋಗ್ಯ ಕೊಡುಗೆಗೂ ಗೌರವ ಕೊಡಿ, ಊಹೆ ಎಲ್ಲಿ ಶುರುವಾಗತ್ತೋ ಅಲ್ಲಿಗೆ ಜೀರ್ಣೋದ್ಧಾರ ನಿಲ್ಲಿಸಿ ಅಂತ. ಪ್ಯಾರಿಸ್ಸಿನ ಚರ್ಚು ನೋತ್ರ್‌ದಾಮ್ ನೋಡಿ, 2019ರ ಏಪ್ರಿಲ್ 15ರ ಬೆಂಕಿಯಲ್ಲಿ ಮುರಿದು ಬಿದ್ದ ಶಿಖರ ಮಧ್ಯಯುಗದ್ದಲ್ಲ, ವಿಯೋಲೆ ಲ ದುಕ್ ಅನ್ನೋ ಆರ್ಕಿಟೆಕ್ಟ್ 19ನೇ ಶತಮಾನದಲ್ಲಿ ಕೂರಿಸಿದ್ದು. ಹೊಸ ವಿನ್ಯಾಸ ಮಾಡೋಣ ಅನ್ನೋ ಮಾತು ಬಂದು, ವಾದ ಎಲ್ಲಾ ಆಗಿ, ಕೊನೆಗೆ ಆ "ಆಮೇಲೆ ಸೇರಿಸಿದ" ಶಿಖರವನ್ನೇ ಮತ್ತೆ ಹಾಗೇ ಕಟ್ಟಿದ್ರು.

ಹಾಗಂತ ಆಮೇಲೆ ಬಂದಿದ್ದೆಲ್ಲ ಚಿನ್ನ ಅಂತಲ್ಲ. ಕಮಾನಿನ ಎದುರಿಗೆ ಕಟ್ಟಿದ ಟಾಯ್ಲೆಟ್ಟು ಕಮಾನಿಗೆ ಕೊಡ್ತಿರೋ ಕಾಟ ಅಷ್ಟೇ, ಅದನ್ನ ತೆಗೆದ್ರೆ ಕಟ್ಟಡದ ಬೆಲೆ ಹೆಚ್ಚತ್ತೆ.

ಜನರನ್ನ ಕೇಳಿ

ಇದನ್ನ ಇಂಜಿನಿಯರ್‌ಗಳು ಬಿಟ್ಟೇಬಿಡ್ತಾರೆ. ಕಟ್ಟಡದಲ್ಲಿ ಕೆಲಸ ಮಾಡಿದೋರು, ಓದಿದೋರು, ಎದುರುಗಡೆ ಐವತ್ತು ವರ್ಷದಿಂದ ಇರೋರು, ಅವರಿಗೆ ಯಾವ ಭಾಗ ಹೋದ್ರೆ ಬೇಜಾರಾಗತ್ತೆ ಅಂತ ಕೇಳಿ. ನೀವು ಕೆತ್ತನೆ ಬಾಗಿಲು ಅಂತ ಅಂದ್ಕೊಂಡಿರ್ತೀರಿ, ಅವರು ಗಂಟೆ ಹೊಡೆಯೋ ಜಾಗ ಅಂತಾರೆ, ಸಂಜೆ ಕೂತ್ಕೊಳ್ಳೋ ಮೆಟ್ಟಿಲು ಅಂತಾರೆ. ಬರ್ಕೊಳ್ಳಿ. ಅಲ್ಲೇ ತಿದ್ದೋಕೆ ಹೋಗ್ಬೇಡಿ.

ನಿಮ್ಮ ಸ್ವಂತ ರುಚಿ ಮೇಲೆ ಮಾತ್ರ ಅನುಮಾನ ಇರಲಿ. 1910ರಲ್ಲಿ ತೆರೆದ ನ್ಯೂಯಾರ್ಕಿನ ಪೆನ್ ಸ್ಟೇಷನ್ ಅನ್ನೋ ರೈಲು ನಿಲ್ದಾಣವನ್ನ 1963ರಿಂದ ಕೆಡವೋಕೆ ಶುರು ಮಾಡಿದಾಗ ಅದರ ಮಾಲೀಕರ ಕಣ್ಣಿಗೆ ಅದು ದುಬಾರಿ ಹಳೇ ಸಾಮಾನು, ಎರಡೇ ವರ್ಷದಲ್ಲಿ, 1965ರಲ್ಲಿ, ಆ ನಗರ ತನ್ನ ಹೆಗ್ಗುರುತು ಕಟ್ಟಡಗಳನ್ನ ಕಾಯೋಕೆ ಕಾನೂನು ಮಾಡ್ಕೊಳ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಕಥೆ.

ಬರೆಯೋದು, ದರ್ಜೆ ಹಾಕೋದು

ಈಗ ಮಹತ್ವದ ಹೇಳಿಕೆ, ಅಂದ್ರೆ ಈ ಕಟ್ಟಡದ ಬೆಲೆ ಏನು, ಎಲ್ಲಿದೆ ಅಂತ ಹೇಳೋ ಬರಹ ಬರೀರಿ, ಒಂದು ಪುಟ, ಜಾಸ್ತಿ ಬೇಡ. "ಈ ಕಟ್ಟಡ ಅಪಾರ ಐತಿಹಾಸಿಕ ಮತ್ತು ವಾಸ್ತುಶಿಲ್ಪೀಯ ಮಹತ್ವ ಹೊಂದಿದೆ" ಅನ್ನೋ ವಾಕ್ಯ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ಯಾವ ಕಟ್ಟಡಕ್ಕೆ ಬೇಕಾದ್ರೂ ಅಂಟಿಸ್ಬೋದು. ಪರೀಕ್ಷೆ ಸುಲಭ: ಕಟ್ಟಡದ ಹೆಸರು ಮುಚ್ಚಿ ಓದಿ, ಇನ್ನೊಂದು ಕಟ್ಟಡಕ್ಕೂ ಹೊಂದತ್ತೆ ಅಂದ್ರೆ ಹರಿದು ಹಾಕಿ. "ಮಹಡಿಯ ಉತ್ತರ ಕೋಣೆಯ ಚಾವಣಿ ಮೊದಲ ಹಂತದ್ದು, ತೊಲೆಗಳ ಮೇಲೆ ಬಡಗಿಗಳು ಜೋಡಣೆಗೆ ಹಾಕಿದ ಗುರುತುಗಳು ಸಾಲಾಗಿ ಉಳಿದಿವೆ, ದಕ್ಷಿಣ ಕೋಣೆಯದ್ದು ಪೂರ್ತಿ ಬದಲಾಗಿದೆ" ಅಂದ್ರೆ ಅದರ ಮೇಲೆ ಒಬ್ಬ ಡಿಸೈನರ್ ಕೆಲಸ ಮಾಡ್ಬೋದು. ಜೊತೆಗೆ ಇದೇ ಥರದ ಬೇರೆ ಕಟ್ಟಡಗಳ ಹೋಲಿಕೆ ಬೇಕು. ಅಪರೂಪ ಅಂತ ಬರೆಯೋ ಮುಂಚೆ ಅಂಥದ್ದು ಎಷ್ಟು ಉಳಿದಿವೆ ಅಂತ ನೋಡಿರ್ಬೇಕಲ್ವಾ.

ಆಮೇಲೆ ಪ್ರತಿ ಕೋಣೆಗೆ, ಪ್ರತಿ ಮುಖಕ್ಕೆ, ಅಂಗಳಕ್ಕೆ, ದೂರದಿಂದ ಕಾಣೋ ನೋಟಕ್ಕೆ ದರ್ಜೆ ಹಾಕಿ: ಅಸಾಧಾರಣ, ಗಣನೀಯ, ಸ್ವಲ್ಪ, ಏನಿಲ್ಲ, ಹಾನಿಕರ. ಮತ್ತೆ ಪ್ಲಾನ್ ಮೇಲೆ ಬಣ್ಣ. ಎಲ್ಲದಕ್ಕೂ "ಅಸಾಧಾರಣ" ಹಾಕಿದ್ರೆ ಏನಕ್ಕೂ ಹಾಕದ ಹಾಗೇ, ಅಧಿಕಾರಿಯೂ ನಂಬಲ್ಲ ಮಾಲೀಕನೂ ನಂಬಲ್ಲ. ದರ್ಜೆ ಹಾಕೋವಾಗ ಸ್ಥಿತಿಯನ್ನ ಮಹತ್ವದ ಜೊತೆ ಕಲಸಬೇಡಿ. ಗೆದ್ದಲು ತಿಂದ ತೊಲೆ ಅಸಾಧಾರಣ ಆಗಿರ್ಬೋದು, ಫಳಫಳ ಹೊಳೆಯೋ ನೆಲಕ್ಕೆ ಏನೂ ಬೆಲೆ ಇಲ್ಲದಿರ್ಬೋದು. ಸ್ಥಿತಿಗೆ ಬೇರೆ ಹಾಳೆ.

ಈಗ ತಗೊಳ್ಳಿ ನಿಮ್ಮ ಪ್ಲಾನು

ಬದಲಾವಣೆ ಒಂದೊಂದನ್ನೂ ಬಿಡಿಬಿಡಿಯಾಗಿ ಈ ಬಣ್ಣದ ನಕ್ಷೆ ಮೇಲೆ ಇಟ್ಟು ಕೇಳಿ: ಇದು ಯಾಕೆ ಬೇಕು, ಎಷ್ಟು ಮೂಲವಸ್ತು ಹೋಗತ್ತೆ, ಬೇರೆ ಕಡೆ ಮಾಡಿದ್ರೆ ಆಗಲ್ವಾ, ಮುಂದೆ ಯಾರಾದ್ರೂ ತೆಗೀಬೇಕು ಅಂದ್ರೆ ಹಳೇದಕ್ಕೆ ಗಾಯ ಆಗದೆ ತೆಗೀಬೋದಾ. ಬರ್ರಾ ಚಾರ್ಟರಿನ ಮಾತು, ಬೇಕಾದಷ್ಟು ಬದಲಾಯಿಸಿ ಆದ್ರೆ ಆದಷ್ಟು ಕಮ್ಮಿ. ಲಿಫ್ಟು ಮುಖ್ಯ ಮೆಟ್ಟಿಲಿನ ನಡುವಿನ ಖಾಲಿ ಜಾಗದಲ್ಲೇ ಬೇಕಾ, ಅಥವಾ "ಏನಿಲ್ಲ" ಅಂತ ಗುರುತಾದ ಹಿಂದಿನ ಕೋಣೆಯಲ್ಲಿ ಆಗತ್ತಾ. ವೈರಿಂಗ್‌ಗೆ ಗೋಡೆ ಕೊರೀಬೇಕಾ ಹಳೇ ಚಿಮಣಿ ದಾರಿಯಲ್ಲಿ ಎಳೀಬೋದಾ. ಪರ್ಯಾಯಗಳನ್ನ ನಿಜವಾಗಿ ನೋಡಿ, ಕೈಬಿಟ್ಟಿದ್ದು ಯಾಕೆ ಅಂತಾನೂ ಬರೀರಿ. ಹೊಸದಾಗಿ ಸೇರ್ಸಿದ್ದು ಹಳೇದರ ಜೊತೆ ಹೊಂದ್ಕೋಬೇಕು, ಆದ್ರೆ ಹತ್ತಿರ ಹೋಗಿ ನೋಡಿದೋನಿಗೆ ಹೊಸದು ಅಂತ ಗೊತ್ತಾಗ್ಬೇಕು, ಇಲ್ಲಾಂದ್ರೆ ನಾಳೆ ನಮ್ಮ ಥರಾನೇ ಟಾರ್ಚ್ ಹಿಡ್ಕೊಂಡು ಬರೋನಿಗೆ ಮೋಸ.

ಕೆಲವರು ಮಹತ್ವ ಇಷ್ಟು, ಹಾನಿ ಇಷ್ಟು ಅಂತ ಟೇಬಲ್ ಹಾಕಿ ಅಂಕ ತೆಗೀತಾರೆ. ನೋಡೋಕೆ ವೈಜ್ಞಾನಿಕವಾಗಿ ಕಾಣ್ಸತ್ತೆ, ಆದ್ರೆ ಅಂಕ ಹಾಕಿದ್ದೂ ಮನುಷ್ಯನೇ. ಟೇಬಲ್ ಇರಲಿ, ಪಕ್ಕದಲ್ಲಿ ಕಾರಣ ವಾಕ್ಯದಲ್ಲಿ ಇರ್ಲೇಬೇಕು. ಚಿಕ್ಕ ಚಿಕ್ಕ ಹಾನಿಗಳ ಒಟ್ಟು ಲೆಕ್ಕವನ್ನೂ ಹಾಕಿ, ಒಂದು ಕಿಟಕಿ, ಒಂದು ಬಾಗಿಲು, ಒಂದು ನೆಲ ಅಂತ ಹತ್ತು ಸಲ "ಅಲ್ಪ ಪರಿಣಾಮ" ಬರೆದು ಕೊನೆಗೆ ಚಿಪ್ಪು ಮಾತ್ರ ಉಳಿದ ಕಟ್ಟಡಗಳಿವೆ.

ಕೆಲಸ ಶುರುವಾಗೋ ಹಿಂದಿನ ದಿನ

ಎಲ್ಲವನ್ನೂ ದಾಖಲೆ ಮಾಡಿ. ಪ್ರತಿ ಕೋಣೆಯ ನಾಲ್ಕು ಗೋಡೆ, ನೆಲ, ಚಾವಣಿ, ಅಳತೆಪಟ್ಟಿ ಇಟ್ಟು ಫೋಟೋ, ಫೋಟೋ ಎಲ್ಲಿ ನಿಂತು ತೆಗೆದಿದ್ದು ಅಂತ ಪ್ಲಾನ್ ಮೇಲೆ ಬಾಣದ ಗುರುತು. ಆಂಡ್ರ್ಯೂ ಟ್ಯಾಲನ್ ಅನ್ನೋ ಪ್ರೊಫೆಸರ್ ಬೆಂಕಿಗೆ ಎಷ್ಟೋ ವರ್ಷ ಮುಂಚೆಯೇ ನೋತ್ರ್‌ದಾಮನ್ನ ಲೇಸರಲ್ಲಿ ಅಳೆದಿಟ್ಟಿದ್ರು, ಮತ್ತೆ ಕಟ್ಟೋವಾಗ ಆ ಅಳತೆಗಳು ಕೈಗೆ ಬಂದ್ವು, ಅದನ್ನ ನೋಡೋಕೆ ಅವರೇ ಇರ್ಲಿಲ್ಲ. ನಮ್ಮ ಕಟ್ಟಡ ಅಷ್ಟು ದೊಡ್ಡದಲ್ಲದಿದ್ರೂ ಫೋನಲ್ಲಿ ತೆಗೆದ ಫೋಟೋನೇ ಆಗ್ಲಿ, ಎರಡು ಕಡೆ ಕಾಪಿ ಇರಲಿ.

ಕೊನೇದಾಗಿ ಕಂಟ್ರಾಕ್ಟಲ್ಲಿ ಒಂದು ಸಾಲು ಹಾಕ್ಸಿ. ಗಿಲಾವು ಕಿತ್ತಾಗ, ನೆಲ ಎತ್ತಿದಾಗ ನಿರೀಕ್ಷೆ ಮಾಡದೇ ಇದ್ದದ್ದು ಏನಾದ್ರೂ ಸಿಕ್ಕಿದ್ರೆ, ಚಿತ್ರ ಬರೆದ ಗೋಡೆ, ಮುಚ್ಚಿದ ಬಾಗಿಲು, ಬರಹ ಇರೋ ತೊಲೆ, ಆ ಜಾಗದಲ್ಲಿ ಕೆಲಸ ನಿಲ್ಲಿಸಿ ಫೋನ್ ಮಾಡ್ಬೇಕು, ನಿಂತ ದಿನದ ಕೂಲಿ ಮಾಲೀಕರು ಕೊಡ್ತಾರೆ ಅಂತ. ಈ ಕೂಲಿಯ ಮಾತು ಬರೆಯದೇ ಇದ್ರೆ ಯಾವ ಮೇಸ್ತ್ರಿಯೂ ಏನೂ ಸಿಕ್ತು ಅಂತ ಹೇಳಲ್ಲ, ಸಾಯಂಕಾಲದೊಳಗೆ ಮುಚ್ಚಿ ಹೋಗಿರತ್ತೆ.